ಲಕ್ವದ ಗಾಯ ಮತ್ತು ಕರುಳಿನ ಬ್ಯಾಕ್ಟೀರಿಯಾ: ಎರಡು ಗುಂಪು ಇಲಿಗಳ ಪ್ರಕರಣ

ಎರಡು ಗುಂಪು ಇಲಿಗಳು. ಒಂದೇ ತಳಿ. ಎರಡೂ ಗುಂಪಿಗೆ ಎರಡು ವಾರ ಒಂದೇ ಔಷಧ ಕೊಟ್ಟರು: ಅಮಾಕ್ಸಿಸಿಲಿನ್, ಜೊತೆಗೆ ಕ್ಲಾವುಲಾನಿಕ್ ಆಮ್ಲ. ಗಂಟಲು ನೋವು, ಸೈನಸ್ ಅಂತ ಹೋದಾಗ ಡಾಕ್ಟರು ಆಗ್ಮೆಂಟಿನ್ ಅಂತ ಬರೆದುಕೊಡುತ್ತಾರಲ್ಲ, ಅದೇ ಜೋಡಿ. ಆಮೇಲೆ ಎರಡೂ ಗುಂಪಿನ ಇಲಿಗಳಲ್ಲಿ ಮಿದುಳಿಗೆ ರಕ್ತ ಒಯ್ಯುವ ಒಂದು ಮುಖ್ಯ ನಾಳವನ್ನು ಸ್ವಲ್ಪ ಹೊತ್ತು ಮುಚ್ಚಿ ತೆರೆದರು. ಪ್ರಯೋಗಾಲಯಗಳಲ್ಲಿ ಸ್ಟ್ರೋಕ್, ಅಂದರೆ ಲಕ್ವ, ಮಾಡಿಸುವ ಮಾಮೂಲಿ ವಿಧಾನ ಇದು. ಕೊನೆಗೆ ಮಿದುಳಿನ ಗಾಯವನ್ನು ಅಳೆದರು. ಒಂದು ಗುಂಪಿನ ಗಾಯ ಇನ್ನೊಂದು ಗುಂಪಿನದಕ್ಕಿಂತ ಸುಮಾರು ಶೇ 60ರಷ್ಟು ಚಿಕ್ಕದಾಗಿತ್ತು.

ಮಿದುಳನ್ನು ಕಾಪಾಡಲು ಯಾರೂ ಏನೂ ಮಾಡಿರಲಿಲ್ಲ. ವ್ಯತ್ಯಾಸ ಇದ್ದದ್ದು ಹೊಟ್ಟೆಯಲ್ಲಿ.

ಈ ಪ್ರಯೋಗ ನಡೆದದ್ದು ನ್ಯೂಯಾರ್ಕಿನ ವೈಲ್ ಕಾರ್ನೆಲ್ ಮೆಡಿಸಿನ್ ಸಂಸ್ಥೆಯಲ್ಲಿ. 2016ರಲ್ಲಿ ನೇಚರ್ ಮೆಡಿಸಿನ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಮೊದಲ ಲೇಖಕಿ ಕೊರಿನ್ ಬೆನಾಕಿಸ್. ಹಿರಿಯರು ಜೋಸೆಫ್ ಅನ್ರಾಥರ್ ಮತ್ತು ಕೋಸ್ಟಾಂಟಿನೊ ಯಾಡೆಕೋಲಾ. ಅದೇ ಊರಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಕೇಂದ್ರದ ಎರಿಕ್ ಪಾಮರ್ ಕೂಡ ಲೇಖಕರಲ್ಲಿ ಒಬ್ಬರು. ಈ ಬರಹವನ್ನು ನಾನು ಎಷ್ಟೋ ಸಲ ಓದಿದ್ದೇನೆ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಅವಸರದಲ್ಲಿ ಓದಿದರೆ ‘ಆಂಟಿಬಯಾಟಿಕ್ ತಿಂದರೆ ಲಕ್ವದಿಂದ ಬಚಾವ್’ ಅಂತ ಅನಿಸಿಬಿಡುತ್ತದೆ. ಅವರು ತೋರಿಸಿದ್ದು ಅದಲ್ಲ.

ಔಷಧ ಕಾಪಾಡಿತೋ, ಬ್ಯಾಕ್ಟೀರಿಯಾ ಕಾಪಾಡಿದವೋ?

ಯಾರಿಗಾದರೂ ಮೊದಲು ಬರುವ ಅನುಮಾನ ಇದು. ಔಷಧ ರಕ್ತಕ್ಕೆ ಸೇರಿ, ಮಿದುಳಿಗೇ ಹೋಗಿ ಅಲ್ಲಿ ಏನೋ ಒಳ್ಳೆಯದು ಮಾಡಿರಬಹುದು ಅಲ್ವಾ? ಸುಮ್ನೆ ಹುಟ್ಟಿದ ಅನುಮಾನವೂ ಅಲ್ಲ. ಕೆಲವು ಆಂಟಿಬಯಾಟಿಕ್‌ಗಳು ಬ್ಯಾಕ್ಟೀರಿಯಾ ಕೊಲ್ಲುವುದರ ಜೊತೆಗೆ ಬೇರೆ ಕೆಲಸವನ್ನೂ ಮಾಡುತ್ತವೆ. ಮಿನೋಸೈಕ್ಲಿನ್ ಉರಿಯೂತ ತಗ್ಗಿಸುತ್ತದೆ. ನರಕೋಶಗಳ ಸುತ್ತ ಗ್ಲುಟಮೇಟ್ ಜಾಸ್ತಿಯಾದರೆ ಅದು ವಿಷವಾಗುತ್ತದೆ. ಸೆಫ್ಟ್ರಿಯಾಕ್ಸೋನ್ ಕೊಟ್ಟ ಇಲಿಗಳಲ್ಲಿ ಆ ಗ್ಲುಟಮೇಟನ್ನು ಎತ್ತಿ ಒಯ್ಯುವ ಪ್ರೋಟೀನ್ ಹೆಚ್ಚಾಗುವುದು 2005ರಲ್ಲೇ ಗೊತ್ತಾಗಿತ್ತು. ಹಾಗಾಗಿ ಇಲಿಗೆ ಔಷಧ ಕೊಟ್ಟು, ಗಾಯ ಚಿಕ್ಕದಾಯಿತು ಅಂತ ಹೇಳಿದರೆ ಅದರಿಂದ ಕರುಳಿನ ಬಗ್ಗೆ ಏನೂ ಸಾಬೀತಾಗುವುದಿಲ್ಲ.

ಈ ತಂಡದ ಜಾಣತನ ಇರುವುದು ಇಲ್ಲಿ. ಅವರ ಬಳಿ ಎರಡು ಬಗೆಯ ಇಲಿಗಳಿದ್ದವು. ಒಂದು ಗುಂಪಿನ ಕರುಳಿನಲ್ಲಿ ಇದ್ದದ್ದು ಈ ಔಷಧಕ್ಕೆ ಬಗ್ಗುವ ಬ್ಯಾಕ್ಟೀರಿಯಾ. ಇನ್ನೊಂದು ಗುಂಪಿನಲ್ಲಿ ಇದ್ದದ್ದು ಬಗ್ಗದವು. ಎರಡಕ್ಕೂ ಔಷಧ ಕೊಟ್ಟಾಗ ಮೊದಲ ಗುಂಪಿನ ಕರುಳಿನ ಸಂಸಾರವೇ ಬದಲಾಯಿತು. ಕೆಲವು ಜಾತಿಗಳು ಹೋದವು, ಕೆಲವು ತಲೆ ಎತ್ತಿದವು. ಎರಡನೇ ಗುಂಪಿನಲ್ಲಿ ಅಂಥ ಬದಲಾವಣೆ ಆಗಲಿಲ್ಲ. ಆದರೆ ಎರಡೂ ಗುಂಪಿನ ಮೈಯೊಳಗೆ ಹೋಗಿದ್ದು ಅದೇ ಔಷಧ. ಮಿದುಳನ್ನು ಕಾಪಾಡಿದ್ದು ಔಷಧವೇ ಆಗಿದ್ದರೆ ಎರಡೂ ಗುಂಪು ಸಮ ಸಮ ಉಳಿಯಬೇಕಿತ್ತು. ಹಾಗಾಗಲಿಲ್ಲ. ಬ್ಯಾಕ್ಟೀರಿಯಾ ಬದಲಾದ ಇಲಿಗಳಲ್ಲಿ ಮಾತ್ರ ಗಾಯ ಚಿಕ್ಕದಾಯಿತು. ಅವುಗಳ ಕೈಕಾಲಿನ ಸ್ಪರ್ಶ, ಚಲನೆ ಕೂಡ ಚೆನ್ನಾಗಿ ಉಳಿದಿತ್ತು.

ಇಷ್ಟಕ್ಕೇ ಬಿಡಲಿಲ್ಲ. ಬದಲಾದ ಕರುಳಿನ ಇಲಿಗಳ ಹಿಕ್ಕೆಯಿಂದ ಬ್ಯಾಕ್ಟೀರಿಯಾ ತೆಗೆದು ಬೇರೆ ಇಲಿಗಳ ಕರುಳಿಗೆ ಸೇರಿಸಿದರು. ಹಾಲಿಗೆ ಹೆಪ್ಪು ಹಾಕುವುದನ್ನು ನೆನೆದುಕೊಳ್ಳಿ. ನಮ್ಮ ಮನೆಯ ಹೆಪ್ಪು ಹುಳಿಯಾಗಿಬಿಟ್ಟರೆ ಪಕ್ಕದ ಮನೆಯಿಂದ ಒಂದು ಚಮಚ ತರುತ್ತೇವೆ. ಮಾರನೇ ದಿನ ಪಾತ್ರೆ ನಮ್ಮದು, ಹಾಲು ನಮ್ಮದು, ಮೊಸರಿನ ರುಚಿ ಮಾತ್ರ ಅವರ ಮನೆಯದು. ಇಲ್ಲೂ ಹಾಗೇ ಆಯಿತು. ಹಿಕ್ಕೆಯ ಜೊತೆ ರಕ್ಷಣೆಯೂ ದಾಟಿತು. ಹೊಸ ಇಲಿಗಳ ಮಿದುಳಿನ ಗಾಯವೂ ಚಿಕ್ಕದಾಯಿತು.

ನನಗೆ ಈ ಪ್ರಕರಣದಲ್ಲಿ ಅತಿ ಬೆಲೆಯುಳ್ಳ ಭಾಗ ಇದೇ. ಶೇ 60 ಅನ್ನುವ ಅಂಕಿ ಎಲ್ಲರ ಬಾಯಲ್ಲೂ ಬರುತ್ತದೆ. ಆದರೆ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಇದ್ದ ಆ ಎರಡನೇ ಗುಂಪು ಇಲ್ಲದಿದ್ದರೆ ಆ ಅಂಕಿಗೆ ಅರ್ಥವೇ ಇರುತ್ತಿರಲಿಲ್ಲ.

ಹೊಟ್ಟೆಯಿಂದ ತಲೆಗೆ ಹೋದವರು ಯಾರು?

ಕರುಳು ಎಲ್ಲಿ, ಮಿದುಳು ಎಲ್ಲಿ. ಸುದ್ದಿ ಒಯ್ದವರು ಯಾರು ಅನ್ನುವುದು ಮುಂದಿನ ಪ್ರಶ್ನೆ.

ಅದಕ್ಕೆ ಮೊದಲು ಸ್ಟ್ರೋಕ್‌ನಲ್ಲಿ ಏನಾಗುತ್ತದೆ ಅಂತ ಸ್ವಲ್ಪ ನೋಡಬೇಕು. ರಕ್ತನಾಳ ಮುಚ್ಚಿಕೊಂಡಾಗ, ಅದು ರಕ್ತ ಒಯ್ಯುತ್ತಿದ್ದ ಮಿದುಳಿನ ಜಾಗದ ನಟ್ಟನಡುವಿನ ಭಾಗ ನಿಮಿಷಗಳಲ್ಲಿ ಸಾಯುತ್ತದೆ. ದೊಡ್ಡ ನಾಳ ಮುಚ್ಚಿಕೊಂಡ ಮನುಷ್ಯರಲ್ಲಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಹೋಗುತ್ತವೆ ಅಂತ ಒಂದು ಲೆಕ್ಕ ಇದೆ. ಆದರೆ ಗಾಯದ ಅಂಚಿನಲ್ಲಿರುವ ಭಾಗ ತಕ್ಷಣ ಸಾಯುವುದಿಲ್ಲ. ಅದು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಅತ್ತಲೂ ಇಲ್ಲ ಇತ್ತಲೂ ಇಲ್ಲ ಅನ್ನುವಂತೆ ಇರುತ್ತದೆ. ಆ ಹೊತ್ತಿನಲ್ಲಿ ದೇಹದ ರಕ್ಷಣಾ ಕೋಶಗಳು ಗಾಯದ ಕಡೆ ಓಡಿ ಬರುತ್ತವೆ. ಸತ್ತದ್ದನ್ನು ಗುಡಿಸಲು ಬಂದವು ಬದುಕಿದ್ದನ್ನೂ ಕೆಡಿಸುತ್ತವೆ. ರಕ್ತ ನಿಂತಿದ್ದರಿಂದ ಆದ ಗಾಯದ ಮೇಲೆ ಉರಿಯೂತದ ಗಾಯ ಸೇರುತ್ತದೆ.

ಹೀಗೆ ಓಡಿ ಬರುವವರಲ್ಲಿ ಗಾಮಾ-ಡೆಲ್ಟಾ ಟಿ ಕೋಶ ಅನ್ನುವ ಒಂದು ಬಗೆ ಇದೆ. ಇಂಟರ್‌ಲ್ಯೂಕಿನ್-17 ಅನ್ನುವ ರಾಸಾಯನಿಕ ಸಂದೇಶವನ್ನು ಬಿಡುವ ಈ ಕೋಶಗಳು ಸ್ಟ್ರೋಕ್‌ನ ಗಾಯವನ್ನು ಮುಂದಿನ ದಿನಗಳಲ್ಲಿ ಹೆಚ್ಚಿಸುತ್ತವೆ ಅಂತ ಜಪಾನಿನ ಕ್ಯುಶು ವಿಶ್ವವಿದ್ಯಾಲಯದ ತಂಡ 2009ರಲ್ಲೇ ತೋರಿಸಿತ್ತು. ಆಗ ಎಲ್ಲರ ಕಣ್ಣು ಮಿದುಳಿನ ಮೇಲಿತ್ತು. ಆದರೆ ಈ ಕೋಶಗಳು ದೇಹದಲ್ಲಿ ಜಾಸ್ತಿ ಬೀಡುಬಿಟ್ಟಿರುವ ಜಾಗಗಳಲ್ಲಿ ಒಂದು ಕರುಳಿನ ಒಳಪದರ. ನ್ಯೂಯಾರ್ಕ್ ತಂಡ ಹಿಡಿದ ದಾರ ಇದು.

ಅವರು ಸಣ್ಣ ಕರುಳಿನಲ್ಲಿ ನೋಡಿದಾಗ ಲೆಕ್ಕ ಹೊಂದಿಕೊಂಡಿತು. ಬ್ಯಾಕ್ಟೀರಿಯಾ ಬದಲಾದ ಇಲಿಗಳಲ್ಲಿ ಉರಿಯೂತ ಎಬ್ಬಿಸುವ ಆ ಗಾಮಾ-ಡೆಲ್ಟಾ ಕೋಶಗಳು ಕಡಿಮೆಯಾಗಿದ್ದವು. ಸಮಾಧಾನ ಮಾಡುವ ಕೋಶಗಳು, ಅಂದರೆ ನಿಯಂತ್ರಕ ಟಿ ಕೋಶಗಳು, ಹೆಚ್ಚಾಗಿದ್ದವು. ನಡುವೆ ನಿಂತು ಈ ಏರುಪೇರು ಮಾಡಿಸಿದ್ದು ಡೆಂಡ್ರೈಟಿಕ್ ಕೋಶಗಳು. ಇವು ಕರುಳಿನಲ್ಲಿ ಯಾವ ಬ್ಯಾಕ್ಟೀರಿಯಾ ಇದೆ ಅಂತ ಸದಾ ಮುಟ್ಟಿ ನೋಡುತ್ತಾ, ಟಿ ಕೋಶಗಳಿಗೆ ಕಾದಾಡಬೇಕೋ ಸುಮ್ಮನಿರಬೇಕೋ ಅಂತ ಪಾಠ ಹೇಳುತ್ತವೆ. ಬ್ಯಾಕ್ಟೀರಿಯಾ ಬದಲಾದರೆ ಪಾಠವೂ ಬದಲಾಗುತ್ತದೆ.

ಆಮೇಲೆ ಕರುಳಿನ ಕೋಶಗಳ ಜಾಡು ಹಿಡಿದರು. ಸ್ಟ್ರೋಕ್ ಆದ ಮೇಲೆ ಕರುಳಿನ ಟಿ ಕೋಶಗಳು ಹೊರಟು ಮಿದುಳನ್ನು ಸುತ್ತಿಕೊಂಡಿರುವ ಪೊರೆಯಲ್ಲಿ ಸಿಕ್ಕವು. ಮಿದುಳಿನೊಳಗೆ ಅಲ್ಲ, ಅದರ ಹೊದಿಕೆಯಲ್ಲಿ. ಬಾಗಿಲ ಬಳಿ ಕೂತು ಇಂಟರ್‌ಲ್ಯೂಕಿನ್-17 ಬಿಟ್ಟು, ನ್ಯೂಟ್ರೋಫಿಲ್‌ಗಳಂಥ ಕಾದಾಟದ ಕೋಶಗಳನ್ನು ಒಳಗೆ ಕರೆಯುವ ಕೆಲಸ ಅವುಗಳದ್ದು. ಬ್ಯಾಕ್ಟೀರಿಯಾ ಬದಲಾದ ಇಲಿಗಳಲ್ಲಿ ಈ ಪ್ರಯಾಣವೇ ತಗ್ಗಿತ್ತು. ಇಂಟರ್‌ಲ್ಯೂಕಿನ್-17 ಮತ್ತು ಅದನ್ನು ತಣ್ಣಗಾಗಿಸುವ ಇಂಟರ್‌ಲ್ಯೂಕಿನ್-10, ಎರಡೂ ಈ ಕತೆಗೆ ಬೇಕು. ಇವು ಇಲ್ಲದ ಇಲಿಗಳಲ್ಲಿ ಕರುಳು ಬದಲಾದರೂ ಅದರಿಂದ ಮಿದುಳಿಗೆ ಸಿಗುವ ರಕ್ಷಣೆ ಸಿಗಲಿಲ್ಲ.

ಅಂದರೆ ಕರುಳಿನ ಬ್ಯಾಕ್ಟೀರಿಯಾ ತಲೆಗೆ ಹೋಗಿ ಏನೂ ಮಾಡಲಿಲ್ಲ. ಅವು ಇದ್ದಲ್ಲೇ ಇದ್ದವು. ಅವುಗಳ ಜೊತೆ ಬೆಳೆದು, ಪಾಠ ಕಲಿತ ಕೋಶಗಳು ಹೊರಟವು.

ಬರ್ಲಿನ್‌ನಲ್ಲಿ ಉಲ್ಟಾ ಆಯಿತು

ಇಲ್ಲಿಗೆ ನಿಲ್ಲಿಸಿದರೆ ಈ ಪ್ರಕರಣಕ್ಕೆ ಮೋಸ ಮಾಡಿದಂತೆ. ಅದೇ 2016ರಲ್ಲಿ ಬರ್ಲಿನ್‌ನ ಶಾರಿಟೆ ಆಸ್ಪತ್ರೆಯ ಸಂಶೋಧಕರು ಇನ್ನೊಂದು ಪ್ರಯೋಗ ಪ್ರಕಟಿಸಿದರು. ಅವರು ಒಂದಲ್ಲ, ಐದು ಆಂಟಿಬಯಾಟಿಕ್‌ಗಳನ್ನು ಬೆರೆಸಿ ಕೊಟ್ಟು ಇಲಿಗಳ ಕರುಳನ್ನು ಹೆಚ್ಚುಕಡಿಮೆ ಖಾಲಿ ಮಾಡಿದರು. ಸ್ಟ್ರೋಕ್‌ಗೆ ಮೂರು ದಿನ ಮುಂಚೆ, ಅಥವಾ ಸ್ಟ್ರೋಕ್ ಆದ ಕೂಡಲೇ ಔಷಧ ನಿಲ್ಲಿಸಿದಾಗ ಇಲಿಗಳಿಗೆ ಕರುಳಿನ ತೀವ್ರ ಉರಿಯೂತ ಬಂತು. ಹೆಚ್ಚು ಇಲಿಗಳು ಸತ್ತವು. ಔಷಧವನ್ನು ನಿಲ್ಲಿಸದೆ ಮುಂದುವರಿಸಿದರೆ, ಇಲ್ಲವೇ ಸ್ಟ್ರೋಕ್‌ಗೆ ಮುಂಚೆಯೇ ಬ್ಯಾಕ್ಟೀರಿಯಾಗಳನ್ನು ತಿರುಗಿ ತುಂಬಿಸಿದರೆ ಬದುಕುತ್ತಿದ್ದವು. ಮೊದಲ ದಿನ ಮಿದುಳಿನ ಗಾಯದ ಅಳತೆಯಲ್ಲಿ ಅಂಥ ವ್ಯತ್ಯಾಸವೇ ಇರಲಿಲ್ಲ. ಕೊಂದದ್ದು ಹೊಟ್ಟೆ.

ಎರಡು ಪ್ರಯೋಗಗಳು ಜಗಳವಾಡುತ್ತಿವೆ ಅಂತ ಮೊದಲು ನನಗೂ ಅನಿಸಿತ್ತು. ಈಗ ಹಾಗನಿಸುವುದಿಲ್ಲ. ನ್ಯೂಯಾರ್ಕಿನಲ್ಲಿ ಆದದ್ದು ಕರುಳಿನ ಬ್ಯಾಕ್ಟೀರಿಯಾ ಬದಲಾವಣೆ. ಬರ್ಲಿನ್‌ನಲ್ಲಿ ಆದದ್ದು ಖಾಲಿ ಮಾಡುವುದು. ತೋಟದಲ್ಲಿ ಕಳೆ ಕಿತ್ತು ಬೇರೆ ಗಿಡಕ್ಕೆ ಜಾಗ ಮಾಡುವುದು ಬೇರೆ, ತೋಟವನ್ನೇ ಸುಟ್ಟು ಮಳೆಗೆ ಬಿಡುವುದು ಬೇರೆ. ಎಷ್ಟು ಬ್ಯಾಕ್ಟೀರಿಯಾ ಸತ್ತವು ಅನ್ನುವುದಕ್ಕಿಂತ ಯಾವುವು ಉಳಿದವು ಅನ್ನುವುದು ಮುಖ್ಯ. ಬೆನಾಕಿಸ್ ಮತ್ತು ಸಂಗಡಿಗರು 2020ರಲ್ಲಿ ಬೇರೆ ಬೇರೆ ಆಂಟಿಬಯಾಟಿಕ್‌ಗಳನ್ನು ಒಂದೊಂದಾಗಿ ಕೊಟ್ಟು ನೋಡಿದಾಗಲೂ ಇದೇ ಕಂಡಿತು. ಆಂಪಿಸಿಲಿನ್ ಕೊಟ್ಟಾಗ, ವ್ಯಾಂಕೋಮೈಸಿನ್ ಕೊಟ್ಟಾಗ ಗಾಯ ಚಿಕ್ಕದಾಯಿತು. ನಿಯೋಮೈಸಿನ್ ಕೊಟ್ಟಾಗ ಆಗಲಿಲ್ಲ. ಮೂರೂ ಬ್ಯಾಕ್ಟೀರಿಯಾ ಕೊಲ್ಲುವ ಔಷಧಗಳೇ. ಆದರೆ ಒಂದೊಂದು ಕೊಲ್ಲುವುದು ಬೇರೆ ಬೇರೆ ಜಾತಿಗಳನ್ನು, ಹಾಗಾಗಿ ಉಳಿಸುವುದೂ ಬೇರೆ ಬೇರೆಯವನ್ನು.

ಮ್ಯೂನಿಕ್‌ನ ಆರ್ಥರ್ ಲೀಸ್ ತಂಡ 2016ರಲ್ಲೇ ದಾರಿಯ ಇನ್ನೊಂದು ತುದಿಯನ್ನು ತೋರಿಸಿತು. ಕರುಳು ಮಿದುಳಿಗೆ ಮಾಡುವುದನ್ನು ಮಾತ್ರ ನೋಡಿದರೆ ಸಾಲದು, ಮಿದುಳೂ ಕರುಳಿಗೆ ಮಾಡುತ್ತದೆ. ದೊಡ್ಡ ಸ್ಟ್ರೋಕ್ ಆದ ಇಲಿಗಳಲ್ಲಿ ಕರುಳಿನ ಚಲನೆ ಕುಂಠಿತವಾಯಿತು. ಬ್ಯಾಕ್ಟೀರಿಯಾಗಳ ವೈವಿಧ್ಯ ಕುಸಿಯಿತು, ಕೆಲವೇ ಜಾತಿಗಳು ತುಂಬಿಕೊಂಡವು. ಆ ಕೆಟ್ಟ ಬ್ಯಾಕ್ಟೀರಿಯಾ ಗುಂಪನ್ನು, ಯಾವ ಬ್ಯಾಕ್ಟೀರಿಯಾವೂ ಇಲ್ಲದಂತೆ ಬೆಳೆಸಿದ ಇಲಿಗಳಿಗೆ ತುಂಬಿಸಿ ಸ್ಟ್ರೋಕ್ ಮಾಡಿಸಿದಾಗ ಗಾಯ ದೊಡ್ಡದಾಯಿತು. ಸ್ಟ್ರೋಕ್ ಆದ ಇಲಿಗಳಿಗೆ ಆರೋಗ್ಯವಂತ ಇಲಿಯ ಹಿಕ್ಕೆಯಿಂದ ಬ್ಯಾಕ್ಟೀರಿಯಾ ಕೊಟ್ಟಾಗ ಗಾಯ ಚಿಕ್ಕದಾಯಿತು. ಮಿದುಳು ಕರುಳನ್ನು ಕೆಡಿಸುತ್ತದೆ. ಕೆಟ್ಟ ಕರುಳು ತಿರುಗಿ ಮಿದುಳನ್ನು ಕೆಡಿಸುತ್ತದೆ.

ವಾರ್ಡಿನಲ್ಲಿ

ಈಗ ನಾನು ಇದನ್ನೆಲ್ಲ ಯಾಕೆ ಓದಿದೆ ಅಂತ ಹೇಳುತ್ತೇನೆ. ನಮ್ಮ ಅಪ್ಪನಿಗೆ ಲಕ್ವ ಹೊಡೆದಿತ್ತು. ಆಸ್ಪತ್ರೆಯಲ್ಲಿದ್ದಾಗ ಮನೆಯವರೆಲ್ಲ ನೋಡುತ್ತಿದ್ದದ್ದು ಎರಡೇ ಜಾಗ: ಸೊಟ್ಟಗಾದ ಬಾಯಿ, ಏಳದ ಬಲಗೈ. ಬಂದ ನೆಂಟರೂ ಅದನ್ನೇ ಕೇಳುತ್ತಿದ್ದರು, ಕೈ ಎತ್ತಿದರಾ, ಮಾತಾಡಿದರಾ. ಹೊಟ್ಟೆಯ ಬಗ್ಗೆ ಕೇಳುತ್ತಿದ್ದವರು ಬೆಳಗಿನ ಪಾಳಿಯ ನರ್ಸ್ ಒಬ್ಬರೇ. ದಿನಾ ಬಂದು "ಮೋಷನ್ ಆಯ್ತಾ?" ಅಂತ ಕೇಳಿ ಚಾರ್ಟಿನಲ್ಲಿ ಬರೆದುಕೊಳ್ಳುತ್ತಿದ್ದರು. ಐದು ದಿನ ಆಗಿರಲಿಲ್ಲ. ನಾವು ಅದನ್ನು ದೊಡ್ಡದು ಮಾಡಲಿಲ್ಲ. ಮಲಗಿದ್ದಾರೆ, ಊಟ ಇಲ್ಲ, ಇನ್ನೇನಾಗುತ್ತದೆ ಅಂದುಕೊಂಡೆವು.

ನಾಲ್ಕನೇ ದಿನ ಜ್ವರ ಬಂತು. ನುಂಗಲು ಕಷ್ಟವಾಗಿ ಗಂಜಿ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಿರಬಹುದು ಅಂದರು. ಸ್ಟ್ರೋಕ್ ಆದವರಲ್ಲಿ ಇದು ಬಹಳ ಸಾಮಾನ್ಯ, ಮತ್ತು ಜೀವಕ್ಕೆ ಅಪಾಯ. ಆದರೆ ಸೋಂಕಿನ ಬ್ಯಾಕ್ಟೀರಿಯಾ ಬರಲು ಇನ್ನೊಂದು ದಾರಿಯೂ ಇದೆ. ಮೆಲ್ಬರ್ನಿನ ಮೊನಾಶ್ ವಿಶ್ವವಿದ್ಯಾಲಯದ ಕೋನಿ ವಾಂಗ್ ತಂಡ 2016ರಲ್ಲಿ ಸ್ಟ್ರೋಕ್ ರೋಗಿಗಳ ಸೋಂಕುಗಳನ್ನು ಪರಿಶೀಲಿಸಿದಾಗ ಸಿಕ್ಕ ಬ್ಯಾಕ್ಟೀರಿಯಾಗಳಲ್ಲಿ ಶೇ 70ಕ್ಕಿಂತ ಹೆಚ್ಚು ಸಾಮಾನ್ಯವಾಗಿ ಕರುಳಿನಲ್ಲಿ ವಾಸಿಸುವಂಥವು. ಇಲಿಗಳಲ್ಲಿ ಸ್ಟ್ರೋಕ್ ಆದ ಮೇಲೆ ಕರುಳಿನ ಗೋಡೆ ಸಡಿಲವಾಗಿ, ಅಲ್ಲಿನ ಬ್ಯಾಕ್ಟೀರಿಯಾ ಶ್ವಾಸಕೋಶದವರೆಗೂ ಹೋಗಿದ್ದವು. ಬ್ಯಾಕ್ಟೀರಿಯಾ ಇಲ್ಲದೆ ಬೆಳೆಸಿದ ಇಲಿಗಳ ಶ್ವಾಸಕೋಶದಲ್ಲಿ ಅಂಥದ್ದೇನೂ ಸಿಗಲಿಲ್ಲ. ಬಾಯಿಯಿಂದ ಇಳಿಯುವುದೊಂದೇ ದಾರಿ ಅಲ್ಲ, ಒಳಗಿನಿಂದಲೂ ಸೋರಬಹುದು.

ಹಾಗಾದರೆ ಸ್ಟ್ರೋಕ್ ಆದ ಎಲ್ಲರಿಗೂ ಮೊದಲ ದಿನವೇ ಆಂಟಿಬಯಾಟಿಕ್ ಕೊಟ್ಟುಬಿಟ್ಟರೆ? ಇದನ್ನು ಮನುಷ್ಯರಲ್ಲೇ, ದೊಡ್ಡ ಮಟ್ಟದಲ್ಲಿ ನೋಡಿದ್ದಾರೆ. ನೆದರ್‌ಲ್ಯಾಂಡ್ಸ್‌ನ 30 ಆಸ್ಪತ್ರೆಗಳಲ್ಲಿ ಸುಮಾರು 2,500 ರೋಗಿಗಳನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ದಿನಕ್ಕೆ 2 ಗ್ರಾಂ ಸೆಫ್ಟ್ರಿಯಾಕ್ಸೋನ್ ನಾಲ್ಕು ದಿನ ಕೊಟ್ಟರು. ಸೋಂಕು ಕಡಿಮೆಯಾಯಿತು, ಅದರಲ್ಲೂ ಮೂತ್ರದ ಸೋಂಕು. ಆದರೆ ಮೂರು ತಿಂಗಳ ನಂತರ ಎಷ್ಟು ಜನ ತಮ್ಮ ಕೆಲಸ ತಾವು ಮಾಡಿಕೊಳ್ಳುವಂತಾದರು ಅಂತ ನೋಡಿದಾಗ ಎರಡೂ ಪಾಲು ಒಂದೇ. ಬ್ರಿಟನ್ನಿನ 48 ಸ್ಟ್ರೋಕ್ ಘಟಕಗಳಲ್ಲಿ ನುಂಗಲು ಕಷ್ಟವಿದ್ದ 1,200ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಇನ್ನೊಂದು ಅಧ್ಯಯನದಲ್ಲಿ ನ್ಯುಮೋನಿಯಾ ಕೂಡ ತಗ್ಗಲಿಲ್ಲ. ಎರಡೂ 2015ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದವು.

ಈ ಫಲಿತಾಂಶ ಇಲಿಗಳ ಪ್ರಯೋಗವನ್ನು ಸುಳ್ಳು ಮಾಡುವುದಿಲ್ಲ. ಗಮನಿಸಿ, ಇಲಿಗಳಿಗೆ ಔಷಧ ಶುರುವಾದದ್ದು ಸ್ಟ್ರೋಕ್‌ಗೆ ಎರಡು ವಾರ ಮುಂಚೆ. ಕರುಳಿನಲ್ಲಿ ಬ್ಯಾಕ್ಟೀರಿಯಾ ಬದಲಾಗಿ, ಡೆಂಡ್ರೈಟಿಕ್ ಕೋಶಗಳ ಪಾಠ ಬದಲಾಗಿ, ಟಿ ಕೋಶಗಳ ಲೆಕ್ಕ ಬದಲಾಗಲು ಅಷ್ಟು ದಿನ ಸಿಕ್ಕಿತು. ರೋಗಿಗಳಿಗೆ ಔಷಧ ಶುರುವಾದದ್ದು ನಾಳ ಮುಚ್ಚಿಕೊಂಡ ಮೇಲೆ. ಸ್ಟ್ರೋಕ್ ಯಾವತ್ತು ಬರುತ್ತದೆ ಅಂತ ಎರಡು ವಾರ ಮುಂಚೆ ತಿಳಿದವರು ಯಾರಿದ್ದಾರೆ?

ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ನಮ್ಮಲ್ಲಿ ಮನೆಯ ಡಬ್ಬಿಯಲ್ಲಿ ಅರ್ಧ ಉಳಿದ ಆಂಟಿಬಯಾಟಿಕ್ ಸ್ಟ್ರಿಪ್ ಇಲ್ಲದ ಮನೆ ಕಡಿಮೆ. ಬಿಪಿ, ಶುಗರ್ ಇದೆ, ಮುನ್ನೆಚ್ಚರಿಕೆಗೆ ಒಂದು ಕೋರ್ಸ್ ತೆಗೆದುಕೊಂಡರೆ ಒಳ್ಳೆಯದಲ್ವಾ ಅಂತ ನನ್ನನ್ನೇ ಒಬ್ಬರು ಕೇಳಿದ್ದಾರೆ. ದಯವಿಟ್ಟು ಬೇಡ. ನಿಮ್ಮ ಕರುಳು ನ್ಯೂಯಾರ್ಕಿನ ಇಲಿಯಂತೆ ಬದಲಾಗುತ್ತದೋ, ಬರ್ಲಿನ್ನಿನ ಇಲಿಯಂತೆ ಹಾಳಾಗುತ್ತದೋ ಹೇಳುವವರಿಲ್ಲ. ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ಮಾಡಬೇಕಾದದ್ದು ಒಂದೇ: ಗಂಟೆ ನೋಡಿಕೊಂಡು ಸ್ಕ್ಯಾನ್ ಇರುವ ಆಸ್ಪತ್ರೆಗೆ ಓಡುವುದು. ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ಇರುವುದು ನಾಲ್ಕೂವರೆ ಗಂಟೆಯ ಅವಧಿ.

ವಯಸ್ಸಾದ ಕರುಳು

ಇಲಿ ಪ್ರಯೋಗಗಳನ್ನು ಓದುವಾಗ ನನ್ನನ್ನು ಸದಾ ಕಾಡುವ ವಿಷಯ ಒಂದಿದೆ. ಪ್ರಯೋಗಾಲಯದ ಇಲಿಗಳು ಸಾಮಾನ್ಯವಾಗಿ ಹರೆಯದವು. ಒಂದೇ ತಳಿ, ಒಂದೇ ಆಹಾರ. ಲಕ್ವ ಹೊಡೆಯುವುದು ಹೆಚ್ಚಾಗಿ ವಯಸ್ಸಾದವರಿಗೆ. ಅಮೆರಿಕದ ಹ್ಯೂಸ್ಟನ್‌ನಲ್ಲಿ ಲೂಯಿಸ್ ಮೆಕಲ್ಲೋ ತಂಡ ಇದನ್ನೇ ಹಿಡಿದುಕೊಂಡು 2018ರಲ್ಲಿ ಒಂದು ಪ್ರಯೋಗ ಪ್ರಕಟಿಸಿತು. ಮುದಿ ಇಲಿಗಳ ಕರುಳಿನ ಬ್ಯಾಕ್ಟೀರಿಯಾವನ್ನು ಎಳೆಯ ಇಲಿಗಳಿಗೆ ತುಂಬಿಸಿದರು. ಸ್ಟ್ರೋಕ್ ಆದ ಮೇಲೆ ಆ ಎಳೆಯ ಇಲಿಗಳ ಚೇತರಿಕೆ ಕುಗ್ಗಿತು, ಸಾವು ಹೆಚ್ಚಿತು. ಎಳೆಯ ಬ್ಯಾಕ್ಟೀರಿಯಾ ಪಡೆದ ಮುದಿ ಇಲಿಗಳು ಮೊದಲಿಗಿಂತ ಚೆನ್ನಾಗಿ ಚೇತರಿಸಿಕೊಂಡವು. ಮಿದುಳಿನ ವಯಸ್ಸು ಅದೇ, ಕರುಳಿನ ಹೆಪ್ಪು ಮಾತ್ರ ಬೇರೆ.

ನಮ್ಮ ಅಪ್ಪನಿಗೆ ಆಗ 71. ಆ ಹೊಟ್ಟೆಯಲ್ಲಿ 71 ವರ್ಷದ ಮುದ್ದೆ, ಮಜ್ಜಿಗೆ, ಊರೂರಿನ ನೀರು, ಸಕ್ಕರೆ ಕಾಯಿಲೆಯ ಮಾತ್ರೆ, ಆಗಾಗ ನುಂಗಿದ ಆಂಟಿಬಯಾಟಿಕ್, ಎಲ್ಲ ತಮ್ಮ ಗುರುತು ಬಿಟ್ಟಿದ್ದವು. ಮಿದುಳಿನ ಚಿತ್ರ ಎರಡು ಸಲ ತೆಗೆದರು. ರಕ್ತ ದಿನಾ ತೆಗೆದರು. ಕರುಳಿನಲ್ಲಿ ಯಾವ ಬ್ಯಾಕ್ಟೀರಿಯಾ ಇವೆ ಅಂತ ಸ್ಟ್ರೋಕ್ ರೋಗಿಗಳಲ್ಲಿ ನೋಡುವುದು ಸಂಶೋಧನೆಯಲ್ಲಿ ಇದೆ, ದಿನನಿತ್ಯದ ಚಿಕಿತ್ಸೆಯಲ್ಲಿ ಇಲ್ಲ. ಆ ವಾರ್ಡಿನಲ್ಲಿ ಕರುಳಿನ ಸುದ್ದಿ ಕೇಳಿದ್ದು ಬೆಳಗಿನ ಆ ಒಂದು ಪ್ರಶ್ನೆ ಮಾತ್ರ. ಆರನೇ ದಿನ ಅಮ್ಮ ನರ್ಸಿಗೆ ಹೌದು ಅಂದರು. ಅವರು ಚಾರ್ಟಿನಲ್ಲಿ ಬರೆದುಕೊಂಡು, ಅಪ್ಪನ ಹೊಟ್ಟೆಯನ್ನು ಮೆಲ್ಲಗೆ ಒತ್ತಿ ನೋಡಿ, ಪಕ್ಕದ ಹಾಸಿಗೆಗೆ ಹೋದರು.